ಸ್ವಾಮಿಗೆ ಬಿಟ್ಟುಬಂದ ಒಳಹಾಸು

ಫೆಬ್ರವರಿಯ ಇಬ್ಬನಿ ಹೆಪ್ಪುಗಟ್ಟಿ ಬಯಲ ತುಂಬ ಉಪ್ಪು ಚೆಲ್ಲಿದ ಹಾಗೆ ಬಿದ್ದಿತ್ತು. ಮಲಿಂಚೆ ಬೆಟ್ಟದ ಹಿಂದೆ ಬೆಳಕು ಮೂಡಿದ್ದರೂ ಬಿಸಿಲು ಇನ್ನೂ ಇಳಿದಿರಲಿಲ್ಲ. ಕ್ರೆಸೆನ್ಸಿಯಾ ಕತ್ತೆಯನ್ನು ಬದುವಿನ ಕೆಳಗೆ ನಿಲ್ಲಿಸಿ ಕತ್ತಾಳೆಯ ಸಾಲು ಹತ್ತಿದಳು. ಗಿಡದ ನಡುವಿನ ಕುಳಿಯ ಮೇಲಿಟ್ಟಿದ್ದ ಕಲ್ಲು ಸರಿಸಿ, ಉದ್ದ ಸೋರೆಬುರುಡೆಯ ತುದಿಯನ್ನು ಒಳಗಿಳಿಸಿ, ಇನ್ನೊಂದು ತುದಿಗೆ ಬಾಯಿಟ್ಟು ಉಸಿರೆಳೆದಳು. ರಾತ್ರಿಯೆಲ್ಲ ಊರಿದ ರಸ ಬುರುಡೆಯೊಳಗೆ ಏರಿತು. ತುದಿಯನ್ನು ಬೆರಳಿನಿಂದ ಮುಚ್ಚಿಕೊಂಡು ಬದು ಇಳಿದು ಕತ್ತೆಯ ಮೇಲಿದ್ದ ಕ್ಯಾನಿಗೆ ಬಿಟ್ಟಳು. ಮತ್ತೆ ಹತ್ತಿ, ಬಾಗಿದ ಅಲಗಿನಿಂದ ಕುಳಿಯ ಗೋಡೆಯನ್ನು ತೆಳ್ಳಗೆ ಕೆರೆದು, ಕಲ್ಲು ಮುಚ್ಚಿ, ಮುಂದಿನ ಗಿಡಕ್ಕೆ ನಡೆದಳು.

ಇದೇ ಕೆಲಸ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಕತ್ತಾಳೆಗೆ ಭಾನುವಾರ ಗೊತ್ತಿಲ್ಲ ಎಂದು ನಮ್ಮ ಬಯಲಿನವರು ಹೇಳುತ್ತಾರೆ. ನಾಲ್ಕು ದಿನ ಕೆರೆಯದೆ ಬಿಟ್ಟರೆ ಗಾಯ ಕೂಡಿಕೊಂಡು ರಸ ನಿಂತುಹೋಗುತ್ತದೆ. ಆಮೇಲೆ ಎಷ್ಟು ಕೆರೆದರೂ ಅದು ಸೊಪ್ಪೇ ಹೊರತು ಗಿಡವಲ್ಲ. ಹತ್ತು ಹನ್ನೆರಡು ವರ್ಷ ಬೆಳೆಯುವ ಕತ್ತಾಳೆ ಒಂದೇ ಸಲ, ಕೆಲವೇ ತಿಂಗಳು ರಸ ಕೊಟ್ಟು ಸಾಯುತ್ತದೆ. ಆ ಸಾಲನ್ನು ನೆಟ್ಟವನು ಅವಳ ಗಂಡ ತ್ರಾಂಕಿಲಿನೊ. ನೆಟ್ಟ ಎರಡನೇ ವರ್ಷಕ್ಕೆ ಅವನು ತೀರಿಹೋದ. ಆಮೇಲೆ ಅವಳು ಬಾರ್ಲಿ ಬಿತ್ತಿದಳು, ಕತ್ತಾಳೆ ನೆಡಲಿಲ್ಲ. ಈಗ ಆ ಸಾಲು ಒಂದೊಂದೇ ಗಿಡವಾಗಿ ಬಲಿಯುತ್ತಿತ್ತು. ಎಲ್ಲ ಗಿಡ ಮುಗಿಯಲು ಇನ್ನೆರಡು ವರ್ಷ ಹಿಡಿಯುತ್ತಿತ್ತು. ಅಷ್ಟು ದಿನ ನಡೆಯಲು ಅವಳಿಗೆ ಕಾಲು ಬೇಕಿತ್ತು.

ಕಾಲು ಆಗುತ್ತಿರಲಿಲ್ಲ. ಬಲಗಾಲಿನ ಒಳಗಿಣ್ಣಿನ ಹಿಂದೆ ಕುಂಬಳಬೀಜದಷ್ಟಿದ್ದ ಊತ ಈಗ ಹುಣಸೆಕಾಯಿಯಷ್ಟು ಉದ್ದವಾಗಿತ್ತು. ಬದು ಹತ್ತುವಾಗ ಅಲ್ಲಿ ಯಾರೋ ಸೂಜಿ ಕಾಸಿ ಇಟ್ಟ ಹಾಗಾಗುತ್ತಿತ್ತು. ಇಬ್ಬನಿಯ ಮೇಲೆ ಅವಳ ಎಡಬೂಟಿನ ಗುರುತು ಎಲ್ಲರದರಂತೆ ನೆಟ್ಟಗೆ ಮೂಡಿದರೆ, ಬಲಬೂಟಿನದು ಒಳಮಗ್ಗುಲಿಗೆ ಒತ್ತಿ ಮೂಡಿ ಅದರ ತುದಿ ಪಕ್ಕದ ಹೊಲದ ಕಡೆ ತಿರುಗಿರುತ್ತಿತ್ತು.

"ಅತ್ತಿಗೆ, ನಿನ್ನ ಎಡಗಾಲು ಮನೆಗೆ ಹೊರಟೈತೆ, ಬಲಗಾಲು ಫಿದೆನ್ಸಿಯೋ ಹೊಲಕ್ಕೆ ಹೊರಟೈತೆ" ಎಂದಳು ಹಿಂದೆ ಕಟ್ಟಿಗೆ ಆಯುತ್ತಿದ್ದ ನಾದಿನಿ ಒಬ್ದೂಲಿಯಾ. "ಮನಸ್ಸು ಯಾವ ಕಡೆ ಅಂತ ಊರೋರು ಕೇಳಿದ್ರೆ ಏನ್ ಹೇಳ್ಲಿ?"

"ಅವನ ಹಲ್ಲು ಉದುರಿದ ಮೇಲೆ ನೋಡಾಣ ಅಂತ ಹೇಳು."

"ಅರ್ಧ ಉದುರೇ ಹೋಗವೆ ಕಣೆ."

ಇಬ್ಬರೂ ನಕ್ಕರು. ನಗುತ್ತಲೇ ಕ್ರೆಸೆನ್ಸಿಯಾ ಬದುವಿನ ಮೇಲೆ ಕುಳಿತುಬಿಟ್ಟಳು. ಕೆಲಸದ ನಡುವೆ ಕುಳಿತುಕೊಳ್ಳುವ ಹೆಂಗಸಲ್ಲ ಅವಳು. ಒಬ್ದೂಲಿಯಾ ಕಟ್ಟಿಗೆ ಕೆಳಗಿಟ್ಟು ಬಂದಳು.

"ಸ್ವಾಮಿಗೆ ಹರಕೆ ಹೊತ್ಕೊ, ಅತ್ತಿಗೆ. ಶಿಲುಬೆ ಹೊತ್ಕೊಂಡು ಮೂರು ಸಲ ಬಿದ್ದು ಎದ್ದೋನು. ಬಿದ್ದೋರ ಕಷ್ಟ ಅವನಿಗೆ ಗೊತ್ತು."

ಮಂಜು ಹಿಡಿದ ಕತ್ತಾಳೆಯ ಎಲೆಯನ್ನೇ ಹಿಡಿದುಕೊಂಡು ಕ್ರೆಸೆನ್ಸಿಯಾ ಹರಕೆ ಹೊತ್ತಳು. ಈ ಸಾಲು ಮುಗಿಯುವವರೆಗೂ ನೋವಿಲ್ಲದೆ ನಡೆಸು, ಯಾವುದನ್ನು ಊರಿಕೊಂಡು ನಡೆದೆನೋ ಅದನ್ನು ನಿನ್ನ ಗೋಡೆಗೆ ತಂದೊಪ್ಪಿಸುತ್ತೇನೆ. ನಮ್ಮಲ್ಲಿ ಹರಕೆಯ ಮಾತು ಹೀಗೇ. ಗುಡ್ಡದ ಮೇಲಿನ ಇಗರ್ಜಿಯಲ್ಲಿ, ಶಿಲುಬೆಯ ಕೆಳಗೆ ಒಂದು ಮೊಣಕಾಲೂರಿ ಬಿದ್ದಿರುವ ಸ್ವಾಮಿಯ ಎಡಬಲದ ಗೋಡೆಗಳ ತುಂಬ ಊರುಗೋಲು, ಬಿಚ್ಚಿದ ಪ್ಲಾಸ್ಟರು, ಸೊಂಟಪಟ್ಟಿ, ಹೆಬ್ಬೆರಳುದ್ದದ ತಗಡಿನ ಕಾಲುಗಳು ನೇತಾಡುತ್ತವೆ. ಗುಣವಾದ ಮೇಲೂ ಊರುಗೋಲನ್ನು ಮನೆಯಲ್ಲಿಟ್ಟುಕೊಂಡವನು ಸ್ವಾಮಿಯನ್ನು ನಂಬಲಿಲ್ಲ ಎಂದೇ ಲೆಕ್ಕ.

ಸ್ವಾಮಿಯ ಜೊತೆಗೆ ವೈದ್ಯರನ್ನೂ ನೋಡುವುದರಲ್ಲಿ ತಪ್ಪಿಲ್ಲವೆಂದು ಆ ವಾರವೇ ಅವಳು ಸಂತೆಯ ವ್ಯಾನು ಹತ್ತಿ ಪೇಟೆಗೆ ಹೋದಳು. ಅಲ್ಲಿ ನೊಯೆಮಿ ಎಂಬ ಕಾಲಿನ ವೈದ್ಯೆ ಇದ್ದಳು. ಸಕ್ಕರೆ ಕಾಯಿಲೆಯವರ ಹುಣ್ಣು, ಒಳಗೆ ಬೆಳೆದ ಉಗುರು, ಆಣಿ, ದಿನವೆಲ್ಲ ಅವಳಿಗೆ ಇವೇ. ನಡಿಗೆಯ ತೊಂದರೆ ಎಂದು ಯಾರಾದರೂ ಬಂದರೆ ಮಾತ್ರ ಅವಳು ಕುರ್ಚಿ ಬಿಟ್ಟು ಎದ್ದು, ಅವರನ್ನು ನಡೆಸಿ ನೋಡಲು ಓಣಿಯ ಬಾಗಿಲು ತೆರೆಯುತ್ತಿದ್ದಳು.

"ಡಾಕ್ಟ್ರಮ್ಮ, ಒಂದು ಮಾತ್ರೆ ಬರ್ಕೊಟ್ಬಿಡಿ. ವ್ಯಾನು ಹೊರಟುಬಿಡ್ತದೆ."

"ಮೊದ್ಲು ನಡೀರಿ, ತಾಯಿ."

"ನಡ್ಕೊಂಡೇ ಬಂದಿದೀನಲ್ಲ."

"ನನಗೆ ಕಾಣೋ ಹಾಗೆ ನಡೀರಿ. ಬೂಟು ಬಿಚ್ಚಿ ಇಲ್ಲಿ ಕೊಡಿ."

ನೊಯೆಮಿ ಮೊದಲು ಬೂಟು ನೋಡಿದಳು. ಬಲಬೂಟಿನ ಹಿಮ್ಮಡಿ ಒಳಮಗ್ಗುಲಿಗೆ ಸವೆದು ಇಳಿಜಾರಾಗಿತ್ತು. ಆಮೇಲೆ ಓಣಿಯ ಕೊನೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಹಿಂದಿನಿಂದ ಅವಳ ನಡಿಗೆ ನೋಡಿದಳು. ಎಡಗಾಲಿನ ಹಿಂದೆ ಕಿರುಬೆರಳೊಂದೇ ಇಣುಕುತ್ತಿತ್ತು. ಬಲಗಾಲಿನ ಹಿಂದೆ ಹೆಬ್ಬೆರಳೊಂದನ್ನು ಬಿಟ್ಟು ಉಳಿದವೆಲ್ಲ ಹೊರಗೆ ಕಾಣುತ್ತಿದ್ದವು. ಹಿಮ್ಮಡಿ ಒಳಕ್ಕೆ ವಾಲಿತ್ತು.

"ಗೋಡೆ ಹಿಡ್ಕೊಂಡು ಎಡಗಾಲ ತುದಿ ಮೇಲೆ ಏಳಿ."

ಎದ್ದಳು.

"ಈಗ ಬಲಗಾಲು."

ಕ್ರೆಸೆನ್ಸಿಯಾ ಹಲ್ಲು ಕಚ್ಚಿದಳು. "ಎದ್ದಿದೀನಿ."

"ಇಲ್ಲ ತಾಯಿ. ಭುಜ ಎದ್ದಿದೆ. ಹಿಮ್ಮಡಿ ನೆಲದಲ್ಲೇ ಇದೆ."

ಕ್ರೆಸೆನ್ಸಿಯಾ ತಿರುಗಿ ನೋಡಿದಳು. ಏಳು ಎಂದರೆ ತನ್ನ ಕಾಲೇ ತನ್ನ ಮಾತು ಕೇಳದ್ದನ್ನು ಅವಳು ಅದೇ ಮೊದಲು ಕಂಡದ್ದು.

ನೊಯೆಮಿ ಅವಳನ್ನು ಕೂರಿಸಿ ಊತದ ಮೇಲೆ ಬೆರಳಿಟ್ಟು ಹೇಳಿದಳು. ಕಣಕಾಲಿನಿಂದ ಇಳಿದು ಈ ಗಿಣ್ಣಿನ ಹಿಂದೆ ಸುತ್ತಿ ಅಂಗಾಲಿನ ಕಮಾನನ್ನು ಎತ್ತಿಹಿಡಿಯುವ ಒಂದು ಹುರಿ ಇದೆ. ರಾಟೆಯ ಮೇಲೆ ಉಜ್ಜಿ ಉಜ್ಜಿ ಬಾವಿಹಗ್ಗದ ಎಳೆ ಬಿಚ್ಚುವ ಹಾಗೆ ಅದರ ಎಳೆ ಬಿಚ್ಚುತ್ತಿದೆ. ಒಂದೆರಡು ತಿಂಗಳು ಕಾಲಿಗೆ ಕೆಲಸ ಕೊಡಬಾರದು.

"ಕತ್ತಾಳೆ ಯಾರು ಕೆರೀತಾರೆ? ನೀವು ಬರ್ತೀರಾ?"

ನೊಯೆಮಿಯ ಅಜ್ಜನೂ ಕತ್ತಾಳೆ ಕೆರೆದವನೇ. ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಕ್ರೆಸೆನ್ಸಿಯಾಳನ್ನು ಬೋರಲು ಮಲಗಿಸಿ, ಒಂದೊಂದು ಪಾದವನ್ನೂ ವಾಲದಂತೆ ಎರಡು ಬೆರಳಲ್ಲಿ ಹಿಡಿದು, ಒದ್ದೆ ಪ್ಲಾಸ್ಟರು ಪಟ್ಟಿ ಸುತ್ತಿ ಅಚ್ಚು ತೆಗೆದಳು. ಅದು ಒಣಗುವವರೆಗೂ ಹಿಡಿದ ಬೆರಳನ್ನು ಅಲುಗಿಸಲಿಲ್ಲ. ಮುಂದಿನ ಸಂತೆಯ ಹೊತ್ತಿಗೆ ಬೂಟಿನೊಳಗೆ ಪಾದದಡಿ ಇಡುವ ಒಳಹಾಸುಗಳು ಸಿದ್ಧವಾಗಿದ್ದವು. ಕೆಳಗೆ ಕಾಯಿಸಿ ಬಗ್ಗಿಸಿದ ಗಟ್ಟಿ ಪ್ಲಾಸ್ಟಿಕ್ಕು, ಒಳಮಗ್ಗುಲಿಗೆ ಬೆಣೆಯ ಹಾಗೆ ಬೆಂಡು, ಮೇಲೆ ಕಂದು ತೊಗಲು. ಹಿಮ್ಮಡಿ ಗಟ್ಟಿಯಿರುವ ಬೂಟನ್ನೂ ಅವಳೇ ಆರಿಸಿ ಕೊಡಿಸಿದಳು.

"ಮೊದಲ ದಿನ ಸ್ವಲ್ಪ ಹೊತ್ತು. ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ. ಕಲ್ಲು ಮೆಟ್ಟಿದ ಹಾಗೆ ಅನ್ಸುತ್ತೆ, ಬಿಸಾಕಬೇಡಿ. ಮನೆಯೊಳಗೂ ಬರಿಗಾಲು ಬೇಡ."

"ಮಲಗೋವಾಗ?"

"ಮಲಗೋವಾಗ ಯಾರೂ ನಡೆಯಲ್ಲ ತಾಯಿ."

ಮೊದಲ ವಾರ ಕ್ರೆಸೆನ್ಸಿಯಾ ಒಳಹಾಸನ್ನೂ ಡಾಕ್ಟ್ರಮ್ಮನನ್ನೂ ಒಟ್ಟಿಗೇ ಬೈದಳು. ಎರಡನೇ ವಾರ ಬೈಯುವುದು ಕಡಿಮೆಯಾಯಿತು. ಮಳೆ ಹಿಡಿಯುವ ಹೊತ್ತಿಗೆ ಬದು ಹತ್ತುವಾಗಿನ ಕಾಸಿದ ಸೂಜಿ ಇಲ್ಲವಾಗಿತ್ತು. ಕೆಸರಿನ ಮೇಲೆ ಬೂಟಿನ ಗುರುತು ನೆಟ್ಟಗೆ ಮೂಡುತ್ತಿತ್ತು. ಅವಳು ಬಲಿತ ಮೂರು ಹೊಸ ಗಿಡಗಳಲ್ಲಿ ಹೂದಂಟು ಹೊರಡುವ ಮೊದಲೇ ನಡುಗೂಟ ಕಡಿದು ಕುಳಿ ತೋಡಿದಳು. ರಸವನ್ನು ಹುಳಿಯಿಟ್ಟು ಪುಲ್ಕೆ ಎಂಬ ಹೆಂಡ ಮಾಡುವವರು ಅವಳ ಮನೆ ಬಾಗಿಲಿಗೇ ಬಂದು ಕಾಯುತ್ತಿದ್ದರು.

ನವೆಂಬರಿನಲ್ಲಿ ಸತ್ತವರ ಹಬ್ಬ ಕಳೆದು ಅವಳು ಪೇಟೆಗೆ ತೋರಿಸಿಕೊಳ್ಳಲು ಹೋದಾಗ ಬೆಂಚು ತುಂಬಿತ್ತು. ಹುಣ್ಣು ಕೊಳೆತ ಮುದುಕನೊಬ್ಬ ಒಳಗೆ ನರಳುತ್ತಿದ್ದ. ನೊಯೆಮಿ ನಿಂತಂತೆಯೇ ಅವಳ ಗಿಣ್ಣನ್ನು ಒತ್ತಿ ನೋಡಿದಳು.

"ನೋವು?"

"ಇಲ್ಲ."

"ಊತಾನೂ ಇಳಿದಿದೆ. ತುಂಬಾ ಚೆನ್ನಾಗಿದೆ ತಾಯಿ, ಹೀಗೇ ಇರಲಿ."

ಆ ದಿನ ಓಣಿಯ ಬಾಗಿಲು ತೆರೆಯಲಿಲ್ಲ. ಗೋಡೆ ಹಿಡಿದು ಬಲಗಾಲ ತುದಿಯ ಮೇಲೆ ಏಳಿ ಎಂದು ನೊಯೆಮಿ ಹೇಳಲಿಲ್ಲ. ಹೇಳಿದ್ದರೆ ಆ ಹಿಮ್ಮಡಿ ಇನ್ನೂ ನೆಲ ಬಿಡುವುದಿಲ್ಲ ಎನ್ನುವುದು ಇಬ್ಬರಿಗೂ ಕಾಣುತ್ತಿತ್ತು.

ಮರುವರ್ಷ ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಒಂದು ಶುಕ್ರವಾರ ಸ್ವಾಮಿಯ ಹಬ್ಬ. ಅದಕ್ಕೆ ವಾರ ಮುಂಚೆ ಒಬ್ದೂಲಿಯಾ ಒಲೆಯ ಮುಂದೆ ಮೆಕ್ಕೆಜೋಳದ ರೊಟ್ಟಿ ತಿರುವುತ್ತ ಮಾತೆತ್ತಿದಳು.

"ಹರಕೆ ಏನ್ಮಾಡ್ದೆ, ಅತ್ತಿಗೆ?"

"ಸಾಲು ಮುಗಿದ್ಮೇಲೆ ಅಂತ ಹೇಳ್ಕೊಂಡಿದ್ದು."

"ಕಾಲು ಗುಣ ಆಗಿ ಎಂಟು ತಿಂಗಳಾಯ್ತು. ಡಾಕ್ಟ್ರಮ್ಮನೇ ಚೆನ್ನಾಗಿದೆ ಅಂದ್ಲು ಅಂತೀಯ. ಇನ್ನೂ ಅದನ್ನ ಬೂಟಿನೊಳಗೆ ಇಟ್ಕೊಂಡು ತಿರುಗ್ತಾ ಇದೀಯ. ಸ್ವಾಮಿ ನೋಡಲ್ವಾ? ಇವಳಿಗೆ ನನ್ನ ಮೇಲೆ ನಂಬಿಕೆ ಇಲ್ಲ, ಆ ತೊಗಲಿನ ತುಂಡಿನ ಮೇಲೆ ಐತೆ ಅಂತ."

"ಸುಮ್ನಿರು."

"ನಾನು ಸುಮ್ನಿರ್ತೀನಿ. ಅವನು ಸುಮ್ನಿರ್ತಾನಾ?"

ನಾದಿನಿಯ ಮಾತು ಕ್ರೆಸೆನ್ಸಿಯಾಳಿಗೆ ಹೊಸದಾಗಿರಲಿಲ್ಲ. ನೋವಿಲ್ಲದ ಕಾಲಿಗೆ ದಿನವೂ ಊರುಗೋಲು ಕೊಡುತ್ತಿದ್ದೇನೆಂದು ಅವಳಿಗೂ ಅನಿಸಿತ್ತು. ಶುಕ್ರವಾರ ಬೆಳಗಿನ ಗಿಡಗಳನ್ನು ಮುಗಿಸಿ ಗುಡ್ಡ ಹತ್ತಿದಳು. ಆ ವರ್ಷ ಇಗರ್ಜಿಯ ಉಸ್ತುವಾರಿ, ಬೀಗದ ಕೈ ಎಲ್ಲ ಫಿದೆನ್ಸಿಯೋನದು. ಏಣಿಯ ಮೇಲೆ ನಿಂತು ಅವನು ಹರಕೆಯ ವಸ್ತುಗಳನ್ನು ನೇತುಹಾಕುತ್ತಿದ್ದ. ಅವಳು ಬೂಟು ಬಿಚ್ಚಿ ಒಳಹಾಸುಗಳನ್ನು ತೆಗೆದು ಒರೆಸಿ ಮೇಲೆ ಕೊಟ್ಟಳು.

"ಸ್ವಾಮಿ ಬರಿಗಾಲಲ್ಲಿ ಇದಾನಲ್ಲ, ಕ್ರೆಸೆನ್ಸಿಯಾ. ಇದನ್ನ ಎಲ್ಲಿ ಹಾಕ್ಕೋತಾನೆ?"

"ಅವನು ಹಾಕ್ಕೊಳ್ಳೋದು ಬೇಡ. ನಾನು ಹಾಕ್ಕೊಂಡಿಲ್ಲ ಅಂತ ನೋಡ್ಕೊಂಡ್ರೆ ಸಾಕು."

ಅವನು ನಗಲಿಲ್ಲ. ಕೆಂಪು ದಾರ ಕಟ್ಟಿ ಮೊಳೆಗೆ ಜೋಡಿಯಾಗಿ ತೂಗುಹಾಕಿದ. ಗುಡ್ಡ ಇಳಿಯುವಾಗ ಅವಳ ಕಾಲು ಬೂಟಿನೊಳಗೆ ಅತ್ತಿತ್ತ ಜಾರಿತು. ದಾರಿಯಲ್ಲಿ ಕುಳಿತು ತಲೆಗೆ ಕಟ್ಟಿದ್ದ ಬಟ್ಟೆಯನ್ನೇ ಬಿಚ್ಚಿ ಬೂಟಿನೊಳಗೆ ತುರುಕಿಕೊಂಡಳು.

ಈಸ್ಟರಿನವರೆಗೆ ಏನೂ ಆಗಲಿಲ್ಲ. ಆಮೇಲೆ ಒಂದು ಸಂಜೆ ಹಳೆಯ ಜಾಗದಲ್ಲಿ ಹಳೆಯ ನೋವು ಬಂದು ಕುಳಿತಿತು. ಕ್ರೆಸೆನ್ಸಿಯಾ ಯಾರಿಗೂ ಹೇಳಲಿಲ್ಲ. ನಾದಿನಿಗೆ ಹೇಳಿದರೆ ನಿನ್ನ ಹರಕೆಯಲ್ಲಿ ಏನೋ ಕೊರತೆ ಇತ್ತು ಎನ್ನುತ್ತಾಳೆ. ಊರಿಗೆ ಹೇಳಿದರೆ ಸ್ವಾಮಿ ಕೊಟ್ಟದ್ದನ್ನು ಇವಳು ಉಳಿಸಿಕೊಳ್ಳಲಿಲ್ಲ ಎನ್ನುತ್ತಾರೆ. ಡಾಕ್ಟ್ರಮ್ಮನಿಗೆ ಹೇಳಲು ಹೋದರೆ ಒಳಹಾಸು ಎಲ್ಲಿ ಎಂದು ಕೇಳುತ್ತಾಳೆ. ಬೆಳಿಗ್ಗೆ ಎದ್ದು ಗಿಣ್ಣಿಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು ಹೊಲಕ್ಕೆ ಹೋದಳು, ಸಂಜೆಯೂ ಹೋದಳು. ಒಬ್ದೂಲಿಯಾ ಹಿಂದೆ ಬಂದರೆ ಇನ್ನೂ ಜೋರಾಗಿ ನಡೆದಳು.

ಮೇ ತಿಂಗಳ ಒಂದು ಬೆಳಿಗ್ಗೆ ತುಂಬಿದ ಬುರುಡೆ ಹಿಡಿದು ಬದು ಇಳಿಯುವಾಗ ಗಿಣ್ಣಿನ ಒಳಗೆ ಏನೋ ಕಿತ್ತುಹೋಯಿತು. ಮೂಟೆಯ ಬಾಯಿಗೆ ಹಾಕಿದ ದಾರ ಹರಿದಂತಾಯಿತು. ಅಷ್ಟೇನೂ ನೋಯಲಿಲ್ಲ. ಅವಳಿಗೆ ಹೆದರಿಕೆ ಹುಟ್ಟಿಸಿದ್ದೇ ಅದು. ಬಿದ್ದಲ್ಲಿಂದ ಎದ್ದು ನಿಂತು ಬಲಗಾಲ ಮೇಲೆ ಭಾರ ಹಾಕಿದರೆ ಪಾದ ಅವಳಡಿಯಲ್ಲಿ ಹೊರಕ್ಕೆ ಜಾರಿಕೊಂಡು ಹೋಯಿತು. ಕತ್ತೆಯ ಕುತ್ತಿಗೆ ತಬ್ಬಿ ಮನೆ ಮುಟ್ಟಿದಳು.

ನಾಲ್ಕನೇ ದಿನ ಒಬ್ದೂಲಿಯಾ ಪೇಟೆಗೆ ಹೋಗಿ ನೊಯೆಮಿಯ ಮುಂದೆ ನಿಂತಳು. ಕಾಲಿನ ವಿಷಯ ಹೇಳುವಾಗ ಅಳಲಿಲ್ಲ. ಇಗರ್ಜಿಯ ವಿಷಯ ಬಂದಾಗ ಅತ್ತಳು.

"ನಾನೇ ತಳ್ದೆ, ಡಾಕ್ಟ್ರಮ್ಮ. ಬಾಯಿ ಸುಮ್ನಿರಲಿಲ್ಲ."

ಆ ನವೆಂಬರಿನ ಬೆಂಚು, ತಾನು ನಿಂತಂತೆಯೇ ಗಿಣ್ಣು ಒತ್ತಿದ್ದು, ಎಲ್ಲ ನೊಯೆಮಿಗೆ ನೆನಪಾಯಿತು. ಒಳಹಾಸು ಗುಣ ಮಾಡುವ ವಸ್ತುವಲ್ಲ, ಹುರಿ ಹೊರಲಾರದ್ದನ್ನು ಹೊರುವ ವಸ್ತು, ತೆಗೆದ ದಿನ ಭಾರವೆಲ್ಲ ಹುರಿಯ ಮೇಲೆ ಬೀಳುತ್ತದೆ. ಇದನ್ನು ಎಷ್ಟೋ ಜನರಿಗೆ ಹೇಳಿದ್ದಳು. ಇವಳಿಗೆ ಹೇಳಿದ್ದೆನೇ ಎಂದು ಎಷ್ಟು ಕೆದಕಿದರೂ ನೆನಪಿಗೆ ಬರಲಿಲ್ಲ.

ಭಾನುವಾರ ಕಾರು ತೆಗೆದುಕೊಂಡು ಬಂದವಳು ಮೊದಲು ಗುಡ್ಡಕ್ಕೇ ಹೋದಳು. ಫಿದೆನ್ಸಿಯೋ ಬೀಗ ತೆಗೆದ. ಕೆಂಪು ದಾರದಲ್ಲಿ ಒಳಹಾಸುಗಳು ತೂಗುತ್ತಿದ್ದವು. ಕಂದು ತೊಗಲಿನ ಮೇಲೆ ಹಿಮ್ಮಡಿಯ, ಹೆಬ್ಬೆರಳಿನ ಗುರುತು ಕಪ್ಪಾಗಿ ಕೂತಿತ್ತು.

"ಸ್ವಾಮಿಯ ಗೋಡೆಯಿಂದ ತೆಗೆಯೋದು ನನ್ನಿಂದ ಆಗಲ್ಲ, ಡಾಕ್ಟ್ರಮ್ಮ" ಎಂದ ಫಿದೆನ್ಸಿಯೋ. "ಏಣಿ ಅಲ್ಲೈತೆ. ನಾನು ಬಾಗಿಲ ಕಡೆ ತಿರುಗಿ ನಿಂತಿರ್ತೀನಿ."

ಅವನು ತಿರುಗಿ ನಿಂತ. ನೊಯೆಮಿ ಏಣಿ ಹತ್ತಿದಳು.

ಕ್ರೆಸೆನ್ಸಿಯಾ ಅಂಗಳದಲ್ಲಿ ಗೋಡೆಗೊರಗಿ ಕುಳಿತಿದ್ದಳು. ಡಾಕ್ಟ್ರಮ್ಮನ ಕೈಯಲ್ಲಿದ್ದುದನ್ನು ನೋಡಿ ಅವಳ ಮುಖ ಬಿಳುಚಿತು.

"ಅದನ್ನ ಯಾಕೆ ತಂದ್ರಿ?"

"ಕಾಲು ಕೊಡಿ ತಾಯಿ, ನೋಡ್ತೀನಿ."

ನೆಲದ ಮೇಲೆ ಮೊಣಕಾಲೂರಿ ನೊಯೆಮಿ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದಳು. ಕಮಾನು ಇದ್ದ ಕಡೆ ಮೂಳೆಯೊಂದು ಕೆಳಗಿಳಿದು ಗುಬುಟು ಕಟ್ಟಿತ್ತು. ನೋವು ಈಗ ಒಳಗಿಣ್ಣಿನಲ್ಲಿರಲಿಲ್ಲ. ಹೊರಗಿಣ್ಣಿನ ಕೆಳಗೆ ಎಲುಬಿಗೆ ಎಲುಬು ಸಿಕ್ಕಿಕೊಳ್ಳುವ ಕಡೆ ಇತ್ತು. ಒಳಹಾಸನ್ನು ಪಾದದಡಿ ಇಟ್ಟು ನಿಲ್ಲಿಸಿದರೆ, ಅದರ ಉಬ್ಬು ಆ ಗುಬುಟಿಗೆ ಒತ್ತಿ ಕ್ರೆಸೆನ್ಸಿಯಾ ಕೂಗಿಕೊಂಡಳು. ನೊಯೆಮಿ ತಟ್ಟನೆ ತೆಗೆದಳು.

"ಆಗಲ್ಲ, ಅಲ್ವಾ?"

"ಇದು ಮಾಡಿದ್ದು ಬೇರೆ ಕಾಲಿಗೆ, ತಾಯಿ. ಆ ಕಾಲು ಈಗಿಲ್ಲ."

ಒಬ್ದೂಲಿಯಾ ಬಾಗಿಲ ಮರೆಗೆ ಹೋದಳು.

ಕಣಕಾಲಿನವರೆಗೆ ಬರುವ ಗಟ್ಟಿ ಪಟ್ಟಿಯೊಂದನ್ನು ಮಾಡಿಕೊಡುತ್ತೇನೆ, ತೊಗಲಿನದು, ಒಳಗೆ ಪ್ಲಾಸ್ಟಿಕ್ಕು, ಮೇಲೆ ಲೇಸು ಬಿಗಿಯುವಂಥದು ಎಂದು ನೊಯೆಮಿ ಹೇಳಿದಳು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಮೂಳೆಗಳನ್ನು ಬೆಸೆಯುತ್ತಾರೆ. ಬೆಸೆದ ಮೇಲೆ ಪಾದ ಮಗುಚುವುದಿಲ್ಲ, ಬಾಗುವುದೂ ಇಲ್ಲ. ಈ ಸಲ ಅವಳು ಒಂದೊಂದನ್ನೂ ಬಿಡಿಸಿ ಹೇಳಿದಳು. ಯಾವುದು ಗುಣ ಮಾಡುತ್ತದೆ, ಯಾವುದು ಬರೀ ಹಿಡಿದಿರುತ್ತದೆ, ಯಾವುದನ್ನು ಸಾಯುವವರೆಗೂ ಬಿಚ್ಚಬಾರದು.

ಕ್ರೆಸೆನ್ಸಿಯಾ ಎಲ್ಲ ಕೇಳಿಸಿಕೊಂಡಳು. "ಆ ಪಟ್ಟಿ ಕಟ್ಕೊಂಡ್ರೆ ಸಾಲಿಗೆ ಹೋಗಬಹುದಾ?"

"ಅಂಗಳದಲ್ಲಿ ಓಡಾಡಬಹುದು. ರಸ್ತೆಯಲ್ಲಿ, ಸಂತೆಯಲ್ಲಿ. ಬದು ಹತ್ತೋಕಾಗಲ್ಲ."

"ಕೋಲು ಹಿಡ್ಕೊಂಡು?"

"ಬುರುಡೆ ಹಿಡಿಯೋಕೆ ಎರಡೂ ಕೈ ಬೇಕಲ್ಲ, ತಾಯಿ."

ಇದಕ್ಕೆ ಕ್ರೆಸೆನ್ಸಿಯಾ ತಲೆಯಾಡಿಸಿದಳು. ಡಾಕ್ಟ್ರಮ್ಮ ಕತ್ತಾಳೆಯವರ ಮನೆಯವಳೇ ಎಂಬುದು ಅವಳಿಗೆ ಆಗ ಖಾತ್ರಿಯಾದ ಹಾಗಿತ್ತು.

ನೊಯೆಮಿ ಬಕೆಟ್ಟಿನಲ್ಲಿ ನೀರು ತರಿಸಿ ಪ್ಲಾಸ್ಟರು ಪಟ್ಟಿ ನೆನೆಸಿದಳು. ತಾನಾಗಿ ನಿಲ್ಲಲಾರದ ಪಾದವನ್ನು ಈ ಸಲ ಎರಡು ಬೆರಳಲ್ಲಿ ಹಿಡಿಯಲಾಗಲಿಲ್ಲ, ಒಬ್ದೂಲಿಯಾಳನ್ನು ಕರೆದು ಹಿಮ್ಮಡಿ ಹಿಡಿಸಬೇಕಾಯಿತು. ಅಚ್ಚು ಒಣಗುವವರೆಗೆ ಇಬ್ಬರೂ ಹಿಡಿದ ಕೈ ಅಲುಗಿಸಲಿಲ್ಲ.

"ಇವನ್ನ ನಾನು ತಗೊಂಡು ಹೋಗ್ಲಾ?" ಎಂದು ನೊಯೆಮಿ ಕೊನೆಗೆ ಒಳಹಾಸುಗಳನ್ನು ತೋರಿಸಿ ಕೇಳಿದಳು.

"ಬೇಡ. ವಾಪಸ್ ಅಲ್ಲೇ ಕಟ್ಟಿಸಿ. ಕೊಟ್ಟಿದ್ದು ಕೊಟ್ಟಾಯ್ತು."

"ಅತ್ತಿಗೆ, ಹರಕೆ ತಪ್ಪಾಯ್ತು ಅಂತ ಕ್ಷಮೆ ಕೇಳ್ಕೊಳಾಣ" ಎಂದಳು ಒಬ್ದೂಲಿಯಾ. "ನಾನೂ ಬರ್ತೀನಿ, ಮೊಣಕಾಲಲ್ಲೇ ಗುಡ್ಡ ಹತ್ತತೀನಿ."

"ಯಾಕೆ ಕೇಳ್ಬೇಕು?" ಕ್ರೆಸೆನ್ಸಿಯಾಳ ದನಿ ಏರಲಿಲ್ಲ. "ಸಾಲು ಮುಗಿಯೋಗಂಟ ನಡೆಸು ಅಂತ ಕೇಳಿದ್ದೆ. ನಾನು ನನ್ನದನ್ನ ಮೊದ್ಲೇ ಸಲ್ಲಿಸಿದೆ. ಅವನು ಸಲ್ಲಿಸಲಿಲ್ಲ. ಬಾಕಿ ಇರೋದು ಅವನ ಕಡೆ."

ಒಬ್ದೂಲಿಯಾ ಶಿಲುಬೆಯ ಗುರುತು ಹಾಕಿಕೊಂಡಳು. ನೊಯೆಮಿ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ, ಒಳಹಾಸುಗಳ ಪಕ್ಕದಲ್ಲಿ ಇಟ್ಟಳು.

ಅಂಗಳದಿಂದ ಬದುವಿನ ಸಾಲು ಕಾಣುತ್ತಿತ್ತು. ರಸ ಕೊಡುತ್ತಿದ್ದ ಗಿಡಗಳ ಗಾಯ ಆಗಲೇ ಕೂಡಿಕೊಂಡಿತ್ತು. ಅವುಗಳಾಚೆ, ಬಲಿತೂ ನಡುಗೂಟ ಕಡಿಯದೆ ಉಳಿದಿದ್ದ ಗಿಡವೊಂದರ ಎದೆಯಿಂದ ಹೂವಿನ ದಂಟು ಹೊರಟಿತ್ತು. ದಂಟು ಹೊರಟ ಕತ್ತಾಳೆ ಇಟ್ಟುಕೊಂಡ ರಸವನ್ನೆಲ್ಲ ಅದಕ್ಕೇ ಸುರಿದು ಸಾಯುತ್ತದೆ, ಯಾರಿಗೂ ಒಂದು ತೊಟ್ಟು ಕೊಡುವುದಿಲ್ಲ. ನಿನ್ನೆ ಅದು ಎಲೆಗಳ ಮಟ್ಟಕ್ಕಿತ್ತು. ಇವತ್ತು ಒಂದು ಗೇಣು ಮೇಲಿತ್ತು. ಕ್ರೆಸೆನ್ಸಿಯಾ ಅದನ್ನೇ ನೋಡುತ್ತ ಕುಳಿತಳು. ಸಂಜೆ ಕೆರೆಯುವ ಹೊತ್ತಾದಾಗ ಕತ್ತೆ ತಾನಾಗಿಯೇ ಎದ್ದು ಬಂದು ಅವಳ ಮುಂದೆ ನಿಂತಿತು. ಅವಳು ಅದನ್ನು ಹಚಾ ಎಂದು ಅಟ್ಟಿದಳು.